ಕಾಲೇಜಿಗೆ ಜಿಮ್: ಐದು ಲಕ್ಷ ಇದೆ, 30×20 ಅಡಿ ಕೊಠಡಿ ಇದೆ. ಮಲ್ಟಿಜಿಮ್ ತಗೊಳ್ಳೋದಾ, ಬೇಡ್ವಾ?

ತಾಲ್ಲೂಕು_ಕಾಲೇಜು
ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜು. ಹಳೆ ವಿದ್ಯಾರ್ಥಿಗಳ ಸಂಘದವರು ಐದು ಲಕ್ಷ ಕೊಟ್ಟಿದ್ದಾರೆ, ವ್ಯಾಯಾಮಶಾಲೆಗೇ ಖರ್ಚಾಗಬೇಕು ಅನ್ನೋದು ಷರತ್ತು. ಕೊಠಡಿ 30×20 ಅಡಿ, ಮೊಸಾಯಿಕ್ ನೆಲ, ಚಾವಣಿ ಹತ್ತಡಿ ಎತ್ತರ. ಸಮಿತಿ ಮಾಡಿರೋ ಪಟ್ಟಿ ಹೀಗಿದೆ: ಹನ್ನೆರಡು ಸ್ಟೇಷನ್ನಿನ ಮಲ್ಟಿಜಿಮ್ (ಒಂದೇ ಚೌಕಟ್ಟಿನಲ್ಲಿ ಹನ್ನೆರಡು ಕಡೆ ವ್ಯಾಯಾಮ ಮಾಡೋ ಯಂತ್ರ) ಒಂದು, ಟ್ರೆಡ್‌ಮಿಲ್ ಎರಡು, ಒಂದು ಗೋಡೆ ತುಂಬ ಕನ್ನಡಿ. ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು. ಕಾಲೇಜಿನ ಗುಣಮಟ್ಟ ಅಳೆಯೋ ನ್ಯಾಕ್ ತಂಡ ಬರೋದ್ರೊಳಗೆ ಮುಗಿಸಬೇಕು ಅಂತ ಅವಸರ ಬೇರೆ. ಪಟ್ಟಿ ಸರಿ ಇದೆಯಾ, ಏನಾದ್ರೂ ಬದಲಾಯಿಸಬೇಕಾ?

ಕಬ್ಬಿಣದ_ಕಂಬಿ
ಪಟ್ಟಿ ವಾಪಸ್ ಕಳಿಸಿ ಸರ್. ಮೂರರಲ್ಲಿ ಒಂದೂ ಮೊದಲು ಬೇಕಾದ ವಸ್ತು ಅಲ್ಲ.

ಜಾಗದ ಲೆಕ್ಕ ಮೊದಲು. 600 ಚದರಡಿ, ಒಬ್ಬರಿಗೆ 50 ಚದರಡಿ ಹಿಡಿದರೆ ಒಂದು ಸಲಕ್ಕೆ 12 ಜನ. ಮಲ್ಟಿಜಿಮ್ಮಿನ ಉದ್ದಗಲ ಮಾರೋರ ಕ್ಯಾಟಲಾಗಿನಲ್ಲೇ ಇರುತ್ತೆ. ಅಷ್ಟನ್ನ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು, ಸುತ್ತಲೂ ಮೂರಡಿ ಓಡಾಡೋ ದಾರಿ ಬಿಟ್ಟು ನೋಡಿ. ಕೊಠಡಿಯ ದೊಡ್ಡ ಪಾಲು ಅಲ್ಲೇ ಹೋಗುತ್ತೆ. ಹನ್ನೆರಡು ಸ್ಟೇಷನ್ ಅಂತ ಹೆಸರೇ ಹೊರತು, ಮಕ್ಕಳು ಸಾಲು ನಿಲ್ಲೋದು ಮೂರಕ್ಕೆ: ಎದೆಗೆ ಒಂದು, ಮೇಲಿನ ಹಿಡಿಕೆಯನ್ನ ಕೆಳಗೆಳೆಯೋ ಲ್ಯಾಟ್ ಪುಲ್‌ಡೌನ್ ಒಂದು, ಕಾಲಿಗೆ ಒಂದು. ಉಳಿದದ್ದರ ಮೇಲೆ ಬ್ಯಾಗು ನೇತಾಕ್ತಾರೆ.

ಎರಡನೇದು, ಅದು ಹಾಳಾಗೋ ರೀತಿ. ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ಹಗ್ಗ ಪುಲ್ಲಿ ಸುತ್ತೋ ಜಾಗದಲ್ಲಿ, ತುದಿಯ ಕ್ಲಾಂಪ್ ಹತ್ತಿರ ಮೊದಲು ಸೀಳುತ್ತೆ. ಒಂದೇ ಒಂದು ಎಳೆ ಎದ್ದು ಕಂಡರೂ ಆ ಸ್ಟೇಷನ್ ಬಂದ್ ಮಾಡಬೇಕು. ಆದ್ರೆ ಹಗ್ಗ ಬದಲಾಯಿಸೋಕೆ ಪೇಟೆಯಿಂದ ಮೆಕ್ಯಾನಿಕ್ ಬರಬೇಕು, ಅವನಿಗೆ ದುಡ್ಡು ಯಾವ ಹೆಡ್ಡಿನಿಂದ ಅಂತ ಫೈಲು ಓಡಬೇಕು. ಅಷ್ಟರಲ್ಲಿ ತೂಕ ಹಿಡಿಯೋ ಪಿನ್ ಕಳೆದಿರುತ್ತೆ, ಯಾರೋ ಅಲ್ಲಿಗೆ ಸ್ಕ್ರೂಡ್ರೈವರ್ ತುರುಕಿರ್ತಾರೆ. ಅದು ಜಾರಿದ್ರೆ ಬೆರಳು ಹೋಗುತ್ತೆ.

ವೈರ್‌ಮನ್_ಬಯಲುಸೀಮೆ
ಟ್ರೆಡ್‌ಮಿಲ್ ಬಗ್ಗೆ ನಾನು ಹೇಳ್ತೀನಿ. ಹಳೇ ಕ್ಲಾಸ್‌ರೂಮಿನ ಫ್ಯಾನ್ ಲೈನಿಗೆ ಹಾಕೋ ಸಾಮಾನಲ್ಲ ಅದು. ಒಂದೊಂದಕ್ಕೂ ಬೇರೆ 16 ಆಂಪಿಯರ್ ಸಾಕೆಟ್ಟು, ಬೋರ್ಡಿನಿಂದ ನೇರ ತಾಮ್ರದ ವೈರು, ಬೇರೆ ಎಂಸಿಬಿ (ಕರೆಂಟ್ ಮಿತಿ ಮೀರಿದ್ರೆ ತಾನೇ ಬೀಳೋ ಸ್ವಿಚ್ಚು), ಸರಿಯಾದ ಅರ್ಥಿಂಗ್. ಮೇಲಿಂದ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಲೈನ್ ಕತ್ತರಿಸೋ ಸ್ವಿಚ್ಚು) ಇರಲೇಬೇಕು, ಬೆವರಿನ ಕೈಯಲ್ಲಿ ಮುಟ್ಟೋ ಯಂತ್ರ.

ಹಳ್ಳಿ ಕಡೆ ಇದು ಕೆಡೋದು ಎರಡೇ ಕಾರಣಕ್ಕೆ. ಪಂಪ್‌ಸೆಟ್ ಓಡೋ ಹೊತ್ತಲ್ಲಿ ವೋಲ್ಟೇಜ್ ಕುಸಿಯುತ್ತೆ, ಹೋದ ಕರೆಂಟು ವಾಪಸ್ ಬರುವಾಗ ಒಮ್ಮೆಗೇ ಏರುತ್ತೆ, ಕಂಟ್ರೋಲ್ ಬೋರ್ಡ್ ಸುಟ್ಟುಹೋಗುತ್ತೆ. ಇನ್ನೊಂದು, ಬೆಲ್ಟಿನ ಕೆಳಗಿನ ಹಲಗೆ ಒಣಗೋದು. ಆಗ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತೆ, ಮತ್ತೆ ಬೋರ್ಡಿಗೇ ಏಟು. ಬೆಲ್ಟ್ ಎತ್ತಿ ಬೆರಳಾಡಿಸಿದ್ರೆ ಜಾರು ಜಾರು ಅನ್ನಿಸಬೇಕು, ಇಲ್ಲಾಂದ್ರೆ ಸಿಲಿಕೋನ್ ಎಣ್ಣೆ ಬಿಡೋ ಹೊತ್ತಾಯ್ತು ಅಂತ ಅರ್ಥ. ಹೊಲಿಗೆ ಯಂತ್ರದ ಎಣ್ಣೆ, ತೆಂಗಿನೆಣ್ಣೆ ಬಿಡೋರಿದ್ದಾರೆ. ಧೂಳು ಹಿಡಿದು ಅಂಟಾಗಿ ಬೆಲ್ಟೇ ಹಾಳು.

ಎದುರಿಗೇ ಮೈದಾನ ಇಟ್ಕೊಂಡು ಒಳಗೆ ನಿಂತಲ್ಲೇ ಓಡೋದು ಯಾಕೆ ಅನ್ನೋದನ್ನ ಸಮಿತಿಯವರನ್ನೇ ಕೇಳಿ.

ಖೋ_ಕೊಡು
ಎದುರಿಗೆ ಮೈದಾನ ಇದೆ ಅಂತ ಯಾರು ಹೇಳಿದ್ರು 😀

ತಾಲ್ಲೂಕು_ಕಾಲೇಜು
ಇದೆ, ಒಂದು ಎಕರೆ ಚಿಲ್ಲರೆ. ಆದ್ರೆ ಏರುತಗ್ಗು. ಶಾಮಿಯಾನದವರು ಗೂಟ ಹೊಡೆದ ಗುಂಡಿಗಳು ಹಾಗೇ ಇವೆ.

ಕಡಲತಡಿ
ಕರಾವಳಿಯಲ್ಲಿ ಇದ್ದವರು ಇನ್ನೊಂದು ವಿಷಯ ಗಮನಿಸಿ ಮಾರಾಯ್ರೆ. ಉಪ್ಪುಗಾಳಿಗೆ ಪೌಡರ್ ಕೋಟಿಂಗ್ ಒಂದು ಕಡೆ ಸೀಳು ಬಿಟ್ಟರೆ ಸಾಕು, ಒಳಗಿಂದ ತುಕ್ಕು ಹಬ್ಬಿ ಬಣ್ಣ ಹಪ್ಪಳದ ಹಾಗೆ ಏಳ್ತದೆ. ತೂಕ ಮೇಲೆ ಕೆಳಗೆ ಹೋಗುವ ಗೈಡ್ ರಾಡ್ ಕ್ರೋಮ್ ಇದ್ದರೂ ಮಳೆಗಾಲದಲ್ಲಿ ಚುಕ್ಕಿ ಬೀಳ್ತದೆ. ಗ್ರೀಸ್ ಹಚ್ಚಿದರೆ ಧೂಳು ಕೂತು ತೂಕ ಜರ್ಕ್ ಹೊಡೀತದೆ. ಒಣಬಟ್ಟೆಯಲ್ಲಿ ಒರೆಸಿ ಸಿಲಿಕೋನ್ ಸ್ಪ್ರೇ ತೆಳುವಾಗಿ ಹೊಡೆಯುವುದು, ಅಷ್ಟೇ. ಬಾರ್‌ಬೆಲ್ಲಿಗಾದರೆ ವಾರಕ್ಕೊಮ್ಮೆ ನೈಲಾನ್ ಬ್ರಷ್ ಹಾಕಿ ಚಾಕ್ ಪುಡಿ ಉದುರಿಸಿ, ಎರಡು ಹನಿ ಎಣ್ಣೆ ಒರೆಸಿದರೆ ವರ್ಷಗಟ್ಟಲೆ ಬರ್ತದೆ.

ಆಮೇಲೆ ಕಾಲೇಜು ಜಿಮ್ಮಿನಿಂದ ಏನೂ ಆಗೂದಿಲ್ಲ ಅನ್ನುವವರಿಗೆ: ಕುಂದಾಪುರ ಕಡೆಯ ಗುರುರಾಜ ಪೂಜಾರಿ ವೇಟ್‌ಲಿಫ್ಟಿಂಗ್ ಹಿಡಿದದ್ದು ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್‌ನಲ್ಲಿ 56 ಕೆ.ಜಿ. ವಿಭಾಗದಲ್ಲಿ ಬೆಳ್ಳಿ, 2022ರ ಬರ್ಮಿಂಗ್‌ಹ್ಯಾಮಿನಲ್ಲಿ 61 ಕೆ.ಜಿ.ಯಲ್ಲಿ ಕಂಚು. ಆ ಆಟಕ್ಕೆ ಬೇಕಾದದ್ದು ಬಾರು, ತಟ್ಟೆ, ಹಲಗೆ ಮತ್ತು ಕಲಿಸುವ ಒಬ್ಬರು. ಮಲ್ಟಿಜಿಮ್ ಅಲ್ಲ.

ತಾಲ್ಲೂಕು_ಕಾಲೇಜು
ಹಾಗಾದ್ರೆ ಪಟ್ಟಿ ಹೇಗಿರಬೇಕು? ಬರೆದು ಕೊಟ್ರೆ ಸಮಿತಿ ಮುಂದೆ ಇಡ್ತೀನಿ.

ಕಬ್ಬಿಣದ_ಕಂಬಿ
ಬರ್ಕೊಳ್ಳಿ.

ಒಲಿಂಪಿಕ್ ಬಾರ್ ನಾಲ್ಕು: 20 ಕೆ.ಜಿ.ದು ಎರಡು, 15 ಕೆ.ಜಿ.ದು ಎರಡು. 20ರದ್ದು 2.2 ಮೀಟರ್ ಉದ್ದ, ಹಿಡಿಕೆ 28 ಮಿ.ಮೀ. 15ರದ್ದು 2.01 ಮೀಟರ್, ಹಿಡಿಕೆ 25 ಮಿ.ಮೀ., ಸಣ್ಣ ಕೈಗೆ ಹಿಡಿತ ಸಿಗುತ್ತೆ. ಎರಡಕ್ಕೂ ತಟ್ಟೆ ಹಾಕೋ ತುದಿ 50 ಮಿ.ಮೀ. ದಪ್ಪ. ಕೊಟೇಷನ್ನಿನಲ್ಲಿ "ವೇಟ್ ಪ್ಲೇಟ್ 200 ಕೆ.ಜಿ." ಅಂತ ಮಾತ್ರ ಬರೆದ್ರೆ ಎಲ್ಲರಿಗಿಂತ ಕಡಿಮೆ ದರ ಹಾಕಿ ಎಲ್-1 ಬಂದೋನು ಸಣ್ಣ ತೂತಿನ ತಟ್ಟೆ ತಂದು ಇಳಿಸ್ತಾನೆ, ಒಂದೂ ಬಾರಿಗೆ ಹೋಗಲ್ಲ. "50 ಮಿ.ಮೀ. ಬಾರಿಗೆ ಹೊಂದುವ, ರಬ್ಬರ್ ಬಂಪರ್" ಅಂತಲೇ ಬರೀರಿ. ಬಂಪರ್ ಅಂದ್ರೆ ಕೆಳಗೆ ಬಿದ್ದರೂ ತಾಳೋ ರಬ್ಬರ್ ತಟ್ಟೆ.

ತಟ್ಟೆ ಜೋಡಿ ಲೆಕ್ಕದಲ್ಲಿ: 20 ಎರಡು ಜೋಡಿ, 15 ಎರಡು, 10 ನಾಲ್ಕು, 5 ನಾಲ್ಕು, 2.5 ನಾಲ್ಕು, 1.25 ಎರಡು. ಸಣ್ಣ ತಟ್ಟೆಗೇ ಹೆಚ್ಚು ಕೆಲಸ. ಎಲ್ಲ ಕಾಲೇಜಿನವರೂ 20ರದ್ದು ರಾಶಿ ಹಾಕ್ಕೊಂಡು 2.5 ಹುಡುಕ್ತಾ ಕೂತಿರ್ತಾರೆ. ತಟ್ಟೆ ಜಾರದ ಹಾಗೆ ಹಿಡಿಯೋ ಕಾಲರ್ ಆರು ಜೋಡಿ, ಯಾಕಂದ್ರೆ ಎರಡು ಜೋಡಿ ಕಳೆದೇ ಕಳೆಯುತ್ತೆ.

ಸ್ಕ್ವಾಟ್ ಸ್ಟ್ಯಾಂಡ್ ಎರಡು, ಎರಡಕ್ಕೂ ಅಡ್ಡ ಸೇಫ್ಟಿ ಆರ್ಮ್ ಇರಲೇಬೇಕು. ಬಸ್ಕಿಯಲ್ಲಿ ಏಳಕ್ಕಾಗದೇ ಹೋದ್ರೆ ಬಾರು ಕೂರೋದು ಅದರ ಮೇಲೆ. ಹಿಂದೆ ಮುಂದೆ ಬಾಗೋ ಬೆಂಚ್ ಎರಡು. ಡಂಬೆಲ್ 2ರಿಂದ 20 ಕೆ.ಜಿ.ವರೆಗೆ ಜೋಡಿ, ಷಟ್ಕೋನದ್ದು. ಗುಂಡಗಿದ್ರೆ ಉರುಳಿ ಕಾಲಿಗೆ ಬರುತ್ತೆ. ಅದನ್ನಿಡೋಕೆ ರ‍್ಯಾಕ್. ಮೆಡಿಸಿನ್ ಬಾಲ್ 2, 3, 4 ಕೆ.ಜಿ.

ಫ್ಯಾನು ಗೋಡೆಗೆ. ಚಾವಣಿ ಹತ್ತಡಿ ಅಂದ್ರಿ, ತಲೆ ಮೇಲೆ ಬಾರ್ ಎತ್ತಿದ ಹುಡುಗನಿಗೂ ಸೀಲಿಂಗ್ ಫ್ಯಾನಿಗೂ ನಡುವೆ ಏನೂ ಉಳಿಯಲ್ಲ.

ಮೈದಾನದಕ್ಕ
ಪಟ್ಟಿ ಚೆನ್ನಾಗಿದೆ, ಆದ್ರೆ 15 ಕೆ.ಜಿ. ಖಾಲಿ ಬಾರು ಕೂಡ ಮೊದಲ ವರ್ಷದ ಹುಡುಗಿಗೆ ಹೆಚ್ಚೇ. ಪಿವಿಸಿ ಪೈಪ್ ಒಂದಿಂಚಿಂದು, ಎರಡು ಮೀಟರ್ ಉದ್ದಕ್ಕೆ ಆರು ತುಂಡು ಕತ್ತರಿಸಿ ತುದಿ ಮುಚ್ಚಿ ಇಟ್ಕೊಳ್ಳಿ. ಮೊದಲ ಎರಡು ವಾರ ಅದರಲ್ಲೇ. ಬೆನ್ನು ನೇರ, ಹಿಮ್ಮಡಿ ನೆಲಕ್ಕೆ, ಮಂಡಿ ಒಳಗೆ ಬಾಗಬಾರದು, ಇಷ್ಟು ಕೂತ ಮೇಲೆ ತೂಕ. ಮೊದಲ ತಿಂಗಳು ಯಾರೂ "ಒಂದೇ ಸಲ ಎಷ್ಟು ಎತ್ತಬಹುದು" ನೋಡೋ ಹಾಗಿಲ್ಲ. ಎಂಟರಿಂದ ಹನ್ನೆರಡು ಸಲ ಸಲೀಸಾಗಿ ಎತ್ತೋವಷ್ಟು ಮಾತ್ರ.

ಹೆಣ್ಣುಮಕ್ಕಳು ಬರಬೇಕು ಅಂದ್ರೆ ಸಾಮಾನಿಗಿಂತ ಸಮಯ ಮುಖ್ಯ. ಬೆಳಿಗ್ಗೆ ಆರು, ಸಂಜೆ ಐದು ಅಂತ ಬೋರ್ಡ್ ಹಾಕಿದ್ರೆ ಊರಲ್ಲೇ ಇರೋ ನಾಲ್ಕು ಹುಡುಗರು ಬರ್ತಾರೆ. ಹಳ್ಳಿಯಿಂದ ಬರೋರು ಬೆಳಿಗ್ಗೆ ಒಂಬತ್ತೂವರೆ ಬಸ್ಸಿಗೆ ಇಳಿದು ಸಂಜೆ ನಾಲ್ಕೂವರೆ ಬಸ್ಸಿಗೆ ಹತ್ತಬೇಕು. ಅದಕ್ಕೇ ವೇಳಾಪಟ್ಟಿ ಒಳಗೇ ಒಂದು ಅವಧಿ ಬೇಕು, ವಾರಕ್ಕೆ ಎರಡು ಸಲ, ಹುಡುಗಿಯರಿಗೆ ಅಂತ ಬರೆದದ್ದು. ಕಿಟಕಿಯ ಕೆಳಭಾಗಕ್ಕೆ ಮಸುಕು ಗಾಜು ಅಥವಾ ಫಿಲ್ಮ್. ಬಟ್ಟೆ ಬದಲಾಯಿಸೋಕೆ ಒಳಗಿಂದ ಚಿಲಕ ಇರೋ ಜಾಗ, ಮೊಳೆ, ಬಕೆಟ್, ನೀರು ಬರೋ ನಲ್ಲಿ. ಇಷ್ಟು ಇಲ್ಲದೆ "ಹುಡುಗಿಯರಿಗೆ ಆಸಕ್ತಿ ಇಲ್ಲ" ಅಂತ ವರದಿ ಬರೀಬೇಡಿ ದಯವಿಟ್ಟು.

ಮತ್ತೆ ದುಪ್ಪಟ್ಟಾ. ಪುಲ್ಲಿ, ಟ್ರೆಡ್‌ಮಿಲ್ ಹತ್ತಿರ ದುಪ್ಪಟ್ಟಾ, ಬಿಚ್ಚಿದ ಜಡೆ, ಉದ್ದ ಸರ ಯಾವುದೂ ಬೇಡ. ಗೋಡೆ ಮೇಲೆ ದೊಡ್ಡಕ್ಷರದಲ್ಲಿ ಬರೆಸಿ.

ಗಟ್ಟಿ_ನೆಲ
ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಕೊಠಡಿ ಯಾವ ಮಹಡಿ?

ತಾಲ್ಲೂಕು_ಕಾಲೇಜು
ಮೊದಲನೇ ಮಹಡಿ. ಕೆಳಗೆ ಗ್ರಂಥಾಲಯ.

ಗಟ್ಟಿ_ನೆಲ
ಬೇಡ. ತರಗತಿ ಕೊಠಡಿಗೆ ವಿನ್ಯಾಸ ಮಾಡುವಾಗ ಚದರ ಮೀಟರಿಗೆ ಸುಮಾರು 300 ಕೆ.ಜಿ. ಭಾರ ಹಿಡೀತಾರೆ, ವ್ಯಾಯಾಮಶಾಲೆಗೆ 500. ಅದೂ ನಿಂತ ಭಾರದ ಲೆಕ್ಕ. ಎದೆಮಟ್ಟದಿಂದ 80 ಕೆ.ಜಿ. ಬಾರು ಬಿದ್ದಾಗ ಸ್ಲ್ಯಾಬಿಗೆ ಬೀಳೋ ಏಟೇ ಬೇರೆ. ಸ್ಲ್ಯಾಬ್ ಕುಸಿಯುತ್ತೆ ಅಂತಲ್ಲ, ಕೆಳಗಿನ ಚಾವಣಿಯ ಗಾರೆ ಉದುರುತ್ತೆ, ಬಿರುಕು ಬಿಡುತ್ತೆ, ಮಳೆಗಾಲಕ್ಕೆ ಸೋರುತ್ತೆ. ಗ್ರಂಥಾಲಯದಲ್ಲಿ ಕೂತೋರ ಪಾಡು ಬೇರೆ. ನೆಲಮಹಡಿಯ ಯಾವುದಾದ್ರೂ ತರಗತಿಯೊಂದಿಗೆ ಅದಲುಬದಲು ಮಾಡ್ಕೊಳ್ಳಿ.

ನೆಲಮಹಡಿ ಸಿಕ್ಕ ಮೇಲೂ ಮೊಸಾಯಿಕ್ ಮೇಲೆ ನೇರ ಬಾರು ಹಾಕಬೇಡಿ. ಪ್ಲಾಟ್‌ಫಾರ್ಮ್ ಮಾಡ್ಕೊಳ್ಳೋದು ಬಡಗಿಗೆ ಒಂದು ದಿನದ ಕೆಲಸ. 8×4 ಅಡಿ, 18 ಮಿ.ಮೀ. ಪ್ಲೈವುಡ್ ಮೂರು ಹಾಳೆ. ಕೆಳಗೆ ಎರಡು ಹಾಳೆ ಪಕ್ಕಪಕ್ಕ ಹಾಸಿದ್ರೆ 8×8 ಆಯ್ತು. ಮೇಲಿನ ಹಾಳೆ ನಡುವೆ, ಕೆಳಗಿನ ಸಂದಿಗೆ ಅಡ್ಡಲಾಗಿ. ಅದರ ಎಡಬಲಕ್ಕೆ ಎರಡೆರಡು ಅಡಿ ಅಗಲ ಉಳಿಯುತ್ತೆ, ಅಲ್ಲಿ 20 ಮಿ.ಮೀ. ರಬ್ಬರ್ ಹಾಳೆ. ಮನುಷ್ಯ ನಿಲ್ಲೋದು ಮರದ ಮೇಲೆ, ತಟ್ಟೆ ಬೀಳೋದು ರಬ್ಬರ್ ಮೇಲೆ. ಪ್ಲೈ ಐಎಸ್ 710 ಗುರುತಿಂದು ತಗೊಳ್ಳಿ, ಅಂಗಡೀಲಿ ಮರೈನ್ ಅಂತಾರೆ. ಮಾಮೂಲಿ ಪ್ಲೈ ಒಂದು ಮಳೆಗಾಲಕ್ಕೆ ಪದರ ಬಿಡುತ್ತೆ. ಸ್ಕ್ರೂ ತಲೆ ಮರದೊಳಗೆ ಮುಳುಗಬೇಕು, ಮೇಲೆ ವಾರ್ನಿಷ್ ಬೇಡ, ಬೆವರಿಗೆ ಜಾರುತ್ತೆ.

20 ಅಡಿ ಗೋಡೆಗೆ ಇಂಥವು ಎರಡು ಕೂರುತ್ತೆ, ನಡುವೆ ಎರಡಡಿ, ಆಚೀಚೆ ಒಂದೊಂದಡಿ.

ಧಾರವಾಡಿ_ಗರಸು
ಎಲ್ಲಾ ಖರೆ ಐತ್ರಿ, ಆದ್ರ ಜಿಮ್ ಜಿಮ್ ಅಂತ ಕುಂತ್ರ ಮೈದಾನಕ್ಕ ಯಾರು ದಿಕ್ಕು? ಒಂದು ಎಕರೆ ಐತಿ ಅಂದ್ರಲ್ಲ, ಹನ್ನೆರಡು ಮಂದಿಗೆ ಒಂದು ಖೋಲಿ, ಐನೂರು ಮಂದಿಗೆ ಗುಂಡಿ ಬಿದ್ದ ಬಯಲು. ಇದ್ಯಾವ ನ್ಯಾಯ?

ನಮ್ಮ ಕಡೆ ಎರಿ ಮಣ್ಣು. ಬ್ಯಾಸಿಗಿಗೆ ಕಾಲು ಸಿಗೋವಷ್ಟು ಬಿರುಕು, ಮಳಿಗಾಲಕ್ಕ ಕೆಸರು. ಕಬಡ್ಡಿ ಅಂಕಣ ಮಾಡೂದಿದ್ರ ಎರಿ ಒಂದೂವರಿ ಅಡಿ ತಗಸ್ರಿ. ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು) ಆರಾರು ಇಂಚಿನ ಪದರ ಹಾಕಿ, ನೀರು ಹೊಡದು, ಒಂದೊಂದು ಪದರಕ್ಕೂ ರೋಲರ್ ಹೊಡಸ್ರಿ. ಒಂದೇ ಸಲ ಒಂದೂವರಿ ಅಡಿ ಸುರದು ಮ್ಯಾಲ ರೋಲರ್ ಓಡಿಸಿದ್ರ ಮ್ಯಾಲಷ್ಟೇ ಗಟ್ಟಿ, ಒಳಗ ಪೊಳ್ಳು, ಮೊದಲ ಮಳಿಗೆ ಕುಸೀತೈತಿ. ಕಡೀ ಪದರ ಜರಡಿ ಹಿಡದ ಕೆಂಪು ಮಣ್ಣು, ಸ್ವಲ್ಪ ಉಸುಕು ಕಲಸಿದ್ದು. ನೀರು ಹರಿಯಾಕ ನೂರು ಅಡಿಗೆ ಒಂದು ಅಡಿ ಇಳಿಜಾರು ಸಾಕು.

ಎಸ್‌ಡಿಎಂಸಿ_ಮೆಂಬರ್
ಧಾರವಾಡದವರ ಮಾತಿಗೆ ನನ್ನದೊಂದು ಓಟು. ಶಾಲೆಗಳಿಗೆ ಸಮಗ್ರ ಶಿಕ್ಷಣದಡಿ ಕ್ರೀಡಾ ಅನುದಾನ ವರ್ಷಕ್ಕೆ ಕಿರಿಯ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000ದವರೆಗೆ. ಇದರಲ್ಲಿ ಜಿಮ್ ಕನಸು ಯಾಕೆ? ಮೈದಾನ ಸಮತಟ್ಟು ಮಾಡೋದನ್ನ ಉದ್ಯೋಗ ಖಾತ್ರಿಯಲ್ಲಿ ಹಾಕಿಸೋಕೆ ಆಗುತ್ತಾ ಅಂತ ಪಂಚಾಯಿತಿಯಲ್ಲಿ ಕೇಳಿ ನೋಡಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಆಟದ ಮೈದಾನ ಇರಬೇಕು ಅಂತಿದೆ, ಜಿಮ್ ಇರಬೇಕು ಅಂತ ಎಲ್ಲೂ ಇಲ್ಲ.

ಮೈದಾನದಕ್ಕ
25,000ದಲ್ಲಿ ಚಿನ್‌ಅಪ್ ಬಾರ್ ಮಾಡಿಸಿ, ಜೀವಮಾನ ಬರುತ್ತೆ. ಒಂದಿಂಚಿನ ಜಿಐ ಪೈಪು, ಸಿ ಕ್ಲಾಸ್, ಅಂದ್ರೆ ಗೋಡೆ ದಪ್ಪ ಇರೋದು. ಒಂದಿಂಚು ಅಂತ ಹೆಸರಾದ್ರೂ ಹೊರಗಿನ ದಪ್ಪ ಸುಮಾರು 34 ಮಿ.ಮೀ. ಇರುತ್ತೆ, ಮಕ್ಕಳ ಕೈಗೆ ಸರಿ. ಒಂದೂಕಾಲು ಇಂಚಿಗೆ ಹೋದ್ರೆ 42 ಮಿ.ಮೀ., ಬೆರಳು ಸುತ್ತಲ್ಲ. ಎರಡು ಕಂಬದ ನಡುವೆ ನಾಲ್ಕಡಿ ಮೀರಬಾರದು, ಮೀರಿದ್ರೆ ಬಾಗುತ್ತೆ. ಆರು, ಏಳು, ಏಳೂವರೆ ಅಡಿ ಎತ್ತರಕ್ಕೆ ಮೂರು. ಕಂಬ ಎರಡಡಿ ಆಳ ಕಾಂಕ್ರೀಟಿನಲ್ಲಿ, ಕೆಳಗೆ ಎರಡಡಿ ಸುತ್ತ ಮರಳು. ಬಣ್ಣ ಕಂಬಕ್ಕೆ ಮಾತ್ರ, ಹಿಡಿಯೋ ಪೈಪಿಗೆ ಬೇಡ.

ನಡಿಗೆ_ರಾಯರು
ಪಾರ್ಕಿನಲ್ಲಿರೋ ಓಪನ್ ಜಿಮ್ ಸಾಮಾನನ್ನೇ ಕಾಲೇಜಿಗೂ ಹಾಕಿಸಬಹುದಲ್ವಾ? ಕರೆಂಟೂ ಬೇಡ.

ಕಬ್ಬಿಣದ_ಕಂಬಿ
ರಾಯರೇ, ಅದು ನಿಮಗೆ ಸರಿ, ಹತ್ತೊಂಬತ್ತರ ಹುಡುಗನಿಗಲ್ಲ. ತೂಕ ಏರಿಸೋ ವ್ಯವಸ್ಥೆಯೇ ಇಲ್ಲ, ತನ್ನ ಮೈಭಾರ ಎಷ್ಟೋ ಅಷ್ಟೇ. ಜೊತೆಗೆ ಅದರ ಪ್ರಾಣ ಇರೋದು ಬೇರಿಂಗಿನಲ್ಲಿ. ನೀರು ನುಗ್ಗಿ ತುಕ್ಕು ಹಿಡಿದು ಕಿರಕಿರ ಶುರುವಾದ್ರೆ ಆಮೇಲೆ ಸಡಿಲವಾಗಿ ಅತ್ತಿತ್ತ ಓಲಾಡುತ್ತೆ, ಸಂದಿಗೆ ಬೆರಳು ಸಿಕ್ಕುತ್ತೆ. ಶಾಲೆಗಳಲ್ಲಂತೂ ಒಂದರ ಮೇಲೆ ನಾಲ್ಕು ಮಕ್ಕಳು ನೇತಾಡ್ತಾರೆ.

ಗರಡಿ_ಮನೆ
ಎಲ್ಲಾ ಸರಿ, ಮೈಸೂರು ಸೀಮೆಯಲ್ಲಿ ಗರಡಿ ಮನೆಗಳಿದ್ದಾಗ ಯಾವ ಟೆಂಡರೂ ಇರಲಿಲ್ಲ. ದಂಡ, ಬಸ್ಕಿ, ಗದೆ, ಕೆಂಪು ಮಣ್ಣು. ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ ಹಾಕಿ ಹದ ಮಾಡ್ತಿದ್ರು. ಈಗಲೂ ದಸರಾ ಕುಸ್ತಿ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ನಡೆಯುತ್ತೆ. ಕಾಲೇಜಿಗೊಂದು ಮಣ್ಣಿನ ಅಖಾಡ ಮಾಡಿ, ಐದು ಲಕ್ಷ ಮಿಗುತ್ತೆ.

ಖೋ_ಕೊಡು
ಗರಡಿ ಬಗ್ಗೆ ಗೌರವ ಇದೆ ಯಜಮಾನ್ರೇ. ಆದ್ರೆ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳಿರೋ ಕಾಲೇಜು ಅಂತ ಮೊದಲ ಪೋಸ್ಟಲ್ಲೇ ಇದೆ.

ಗರಡಿ_ಮನೆ
ಹೆಣ್ಣುಮಕ್ಕಳು ಕುಸ್ತಿ ಆಡಬಾರದು ಅಂತ ಯಾರು ಹೇಳಿದ್ದು?

ಖೋ_ಕೊಡು
ಆಡಲಿ. ಮಣ್ಣನ್ನ ದಿನಾ ಅಗೆದು, ಕಲ್ಲು ಆರಿಸಿ, ಹದ ನೋಡೋ ಆಳು ಯಾರು ಅಂತಲೂ ಹೇಳಿ. ಎರಡು ವಾರ ಬಿಟ್ಟರೆ ಅದು ಸಿಮೆಂಟ್ ನೆಲ. ಸ್ಪರ್ಧೆ ಈಗ ನಡೆಯೋದು ಮ್ಯಾಟ್ ಮೇಲೆ ಬೇರೆ.

ಧಾರವಾಡಿ_ಗರಸು
ಗರಡಿ ಬಿಡ್ರಿ, ಮಲ್ಲಕಂಬ ನೋಡ್ರಿ. ಲಕ್ಷ್ಮೇಶ್ವರ, ತುಳಸಿಗೇರಿ ಕಡೆ ಹುಡುಗರು ಹುಡುಗ್ಯಾರು ಇಬ್ಬರೂ ಮಾಡ್ತಾರ. ಒಂದು ಕಂಬ, ಸುತ್ತ ಮ್ಯಾಟು, ಹಚ್ಚಾಕ ಹರಳೆಣ್ಣಿ. ಆದ್ರ ಕಲಿಸವ್ರು ಇಲ್ಲದ ಊರಾಗ ಕಂಬ ನೆಟ್ರ ಅದಕ್ಕ ಎಮ್ಮಿ ಕಟ್ತಾರ.

ಸುಣ್ಣದಗೆರೆ
ಮೈದಾನದ ಮಾತು ಬಂತಲ್ಲ. ಒಂದು ಎಕರೆ ಅಂದ್ರೆ ಸುಮಾರು 4,047 ಚದರ ಮೀಟರ್. ನಾಲ್ಕು ಲೇನಿನ 200 ಮೀಟರ್ ಟ್ರ್ಯಾಕಿಗೆ 88×48 ಮೀಟರ್ ಜಾಗ ಬೇಕು, ಅಂದ್ರೆ 4,224. ಎಕರೆ ಚಿಲ್ಲರೆ ಅಂದ್ರಿ, ಆಕಾರ ಆಯತ ಇದ್ದರೆ ಕೂರುತ್ತೆ.

ಲೆಕ್ಕ ಹೀಗೆ: ನೇರ ಭಾಗ ಎರಡು, 40 ಮೀಟರಿಂದು. ತಿರುವಿಗೆ 120 ಮೀಟರ್ ಉಳೀತು. 120ನ್ನ 6.2832ರಿಂದ (ಅಂದ್ರೆ 2π) ಭಾಗಿಸಿದ್ರೆ 19.10. ಅದು ಓಡೋ ದಾರಿಯ ತ್ರಿಜ್ಯ. ಓಡೋನು ಗೆರೆಯಿಂದ 20 ಸೆಂ.ಮೀ. ಹೊರಗಿರ್ತಾನೆ ಅಂತ ಲೆಕ್ಕ, ಹಾಗಾಗಿ ಗೆರೆ ಎಳೆಯೋಕೆ 20 ಸೆಂ.ಮೀ. ಕಳೆದು 18.90 ಮೀಟರಿಗೆ ಹಗ್ಗ ಹಿಡೀರಿ. ಲೇನ್ ಅಗಲ 1.22. ಹಗ್ಗ ಹತ್ತಿಯದ್ದು ಬೇಡ, ಎಳೆದಷ್ಟೂ ಉದ್ದವಾಗುತ್ತೆ. ಉಕ್ಕಿನ ಟೇಪು ಅಥವಾ ತೆಳು ತಂತಿ.

ಪಿಟಿ_ಮೇಷ್ಟ್ರು
ಎರಡನೇ ಲೇನಿಗೆ ಸ್ಟ್ಯಾಗರ್ (ಹೊರ ಲೇನಿನವನನ್ನ ಮುಂದೆ ನಿಲ್ಲಿಸೋ ದೂರ) 7.04 ಮೀಟರ್, ಇದೂ ಸೇರಿಸಿ.

ಸುಣ್ಣದಗೆರೆ
ಇಲ್ಲ ಮೇಷ್ಟ್ರೇ, ಅದು ಒಳ ಅಂಚಿಗೆ ಎತ್ತರದ ಕಟ್ಟೆ ಇರೋ ಟ್ರ್ಯಾಕಿಗೆ. ಅಲ್ಲಿ ಮೊದಲ ಲೇನನ್ನ ಅಂಚಿನಿಂದ 30 ಸೆಂ.ಮೀ.ಗೆ ಅಳೀತಾರೆ, ಉಳಿದವನ್ನ 20ಕ್ಕೆ. ಅದಕ್ಕೇ 7.04. ಬರೀ ಸುಣ್ಣದ ಗೆರೆ ಇರೋ ಮೈದಾನದಲ್ಲಿ ಎಲ್ಲವೂ 20 ಸೆಂ.ಮೀ., ಹಾಗಾಗಿ 6.2832 × 1.22 = 7.67. ಮೂರನೇದು 15.33, ನಾಲ್ಕನೇದು 23.00. ಗೈಡ್ ಪುಸ್ತಕ ನೋಡಿ 7.04 ಹಾಕಿದ್ರೆ ಎರಡನೇ ಲೇನಿನವನು 63 ಸೆಂ.ಮೀ. ಹೆಚ್ಚು ಓಡ್ತಾನೆ.

ಪಿಟಿ_ಮೇಷ್ಟ್ರು
ತಾಲ್ಲೂಕು ಮಟ್ಟದಲ್ಲಿ ಎಲ್ಲರೂ 7.04 ಹಾಕೋದು.

ಸುಣ್ಣದಗೆರೆ
ಹೌದು, ಅದಕ್ಕೇ ಎಲ್ಲರಿಗೂ ಒಂದನೇ ಲೇನ್ ಬೇಕು.

ಇನ್ನೊಂದು. 100 ಮೀಟರನ್ನ ಕಾಂಪೌಂಡ್ ಗೋಡೆ ಹತ್ತಿರ ಮುಗಿಸಬೇಡಿ. ಮುಕ್ತಾಯದ ಗೆರೆ ಆಚೆ 17 ಮೀಟರ್ ಖಾಲಿ ಬೇಕು, ಆರಂಭದ ಹಿಂದೆ 3. ಒಟ್ಟು 120. 88 ಮೀಟರ್ ಮೈದಾನದಲ್ಲಿ 100 ಮೀಟರ್ ಓಟ ಇಡೋ ಹಠ ಬಿಟ್ಟು 60 ಮೀಟರ್ ಓಡಿಸಿ.

ಮೈದಾನದಕ್ಕ
ಸುಣ್ಣ ಅಂದ್ರಲ್ಲ, ಸುಣ್ಣ ಬೇಡ. ಸುಟ್ಟ ಸುಣ್ಣ, ಅರಳಿದ ಸುಣ್ಣ ಎರಡೂ ಕಣ್ಣಿಗೆ, ಬೆವರಿದ ಚರ್ಮಕ್ಕೆ ಉರಿ. ಬ್ಲೀಚಿಂಗ್ ಪೌಡರ್ ಹಾಕೋರೂ ಇದ್ದಾರೆ, ಅದು ಇನ್ನೂ ಕೆಟ್ಟದ್ದು. ಬಿಳಿ ರಂಗೋಲಿ ಪುಡಿ ಮೂಟೆ ತರಿಸಿ, ಅದು ಕಲ್ಲಿನ ಪುಡಿ, ಸುಣ್ಣದ ಹಾಗೆ ಉರಿಸಲ್ಲ.

ಅಂಕಣದ ಮೂಲೆ ಸರಿ ಇದೆಯಾ ನೋಡೋಕೆ ಕರ್ಣ ಅಳೀರಿ. ಗಂಡಸರ ಕಬಡ್ಡಿ 13×10ಕ್ಕೆ 16.40 ಮೀಟರ್, ಹೆಂಗಸರ 12×8ಕ್ಕೆ 14.42, ವಾಲಿಬಾಲ್ 18×9ಕ್ಕೆ 20.12. ಎರಡು ಕರ್ಣ ಒಂದೇ ಬಂದ್ರೆ ಅಂಕಣ ಸೊಟ್ಟ ಇಲ್ಲ.

ಖೋ_ಕೊಡು
ಖೋಖೋ ಮರೀಬೇಡಿ. 27×16 ಮೀಟರ್, ಕಂಬ ನೆಲದಿಂದ 120ರಿಂದ 125 ಸೆಂ.ಮೀ. ಎತ್ತರ. ಕಂಬ ನುಣ್ಣಗಿರಬೇಕು, ಒಂದು ಸಿಬಿರು ಎದ್ದಿದ್ರೂ ಅಂಗೈ ಸೀಳುತ್ತೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ವಿಶ್ವಕಪ್ ಗೆದ್ದ ಹೆಂಗಸರ ತಂಡದಲ್ಲಿದ್ದ ಚೈತ್ರಾ ತಿ. ನರಸೀಪುರದ ಕುರುಬೂರಿನವರು. ಐದು ಲಕ್ಷದ ಜಿಮ್ಮಿನಿಂದ ಬಂದದ್ದಲ್ಲ ಅದು.

ಸುಣ್ಣದಗೆರೆ
ಲಾಂಗ್ ಜಂಪ್ ಗುಂಡಿಗೂ ಒಂದು ಮಾತು. ಹೊಳೆ ಮರಳು ಸಿಗಲ್ಲ ಅಂತ ಎಂ-ಸ್ಯಾಂಡ್ ತುಂಬ್ತಾರೆ. ಅದರಲ್ಲಿ ಕಲ್ಲಿನ ಧೂಳು ಇರುತ್ತೆ, ಕಾಳು ಮೊನಚು. ಒಂದು ಮಳೆ ಬಿದ್ರೆ ರಸ್ತೆಯಂತೆ ಕಟ್ಟಿಕೊಳ್ಳುತ್ತೆ, ಹಿಮ್ಮಡಿ, ಮಂಡಿ ಹೋಗುತ್ತೆ. ಬೇರೆ ದಾರಿ ಇಲ್ಲದಿದ್ರೆ ತೊಳೆದದ್ದೇ ತರಿಸಿ, ಪ್ರತಿ ಸಲ ಒಂದಡಿ ಆಳಕ್ಕೆ ಅಗೆದು ಸಡಿಲ ಮಾಡಿದ ಮೇಲೇ ಹಾರಿಸಿ.

ಶಟಲ್_ಹುಚ್ಚ
ಸಂಬಂಧ ಇಲ್ಲದ ಪ್ರಶ್ನೆ, ಇನ್‌ಡೋರ್ ಹಾಲಲ್ಲಿ ಸಿಂಥೆಟಿಕ್ ಮ್ಯಾಟ್ ಹಾಕಿದ ಮೇಲೆ ಗುಳ್ಳೆ ಏಳ್ತಿದೆ. ಅಂಟು ಕಳಪೆಯಾ?

ಮಲೆನಾಡ್_ಮಳೆ
ಅಂಟಲ್ಲ, ಕೆಳಗಿನ ಕಾಂಕ್ರೀಟಿನ ತೇವ. ಸ್ಲ್ಯಾಬ್ ಅಡಿಯಲ್ಲಿ ಪಾಲಿಥೀನ್ ಹಾಳೆ ಹಾಸದೇ ಕಾಂಕ್ರೀಟ್ ಹಾಕಿದ್ರೆ ಮಳೆಗಾಲ ಪೂರ್ತಿ ನೆಲ ಬೆವರ್ತದೆ. ಪರೀಕ್ಷೆ ಸುಲಭ: ಎರಡಡಿ ಚೌಕ ಪ್ಲಾಸ್ಟಿಕ್ ಹಾಳೆ ನೆಲಕ್ಕಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ತೆಗೆದಾಗ ಹನಿ ಕಂಡರೆ, ನೆಲ ಕಪ್ಪಾಗಿದ್ರೆ ಮ್ಯಾಟ್ ಅಂಟಿಸಬಾರದು. ಗುತ್ತಿಗೆದಾರರು ಇದನ್ನ ಬೇಸಿಗೆಯಲ್ಲಿ ಮಾಡಿ ತೋರಿಸ್ತಾರೆ, ನೀವು ಆಗಸ್ಟಲ್ಲಿ ಮಾಡಿ.

ಶಟಲ್_ಹುಚ್ಚ
ಥ್ಯಾಂಕ್ಸ್. ಇನ್ನೊಂದು ಗೋಳು, ಚಾವಣಿಗೆ ಹಾಕಿರೋ ಪಾರದರ್ಶಕ ಶೀಟಿನಿಂದ ಬೆಳಕು ಸೀದಾ ಅಂಕಣದ ಮೇಲೆ.

ಮಲೆನಾಡ್_ಮಳೆ
ಅಂಕಣದ ಮೇಲಿನ ಶೀಟಿಗೆ ಒಳಗಿಂದ ಗಾಢ ಬಣ್ಣ ಹೊಡೆಸಿ, ದೀಪವನ್ನ ಅಂಕಣದ ಎರಡು ಪಕ್ಕಕ್ಕೆ ಸರಿಸಿ. ಹಿಂದಿನ ಗೋಡೆ ಬಿಳಿ ಇದ್ರೆ ಶಟಲ್ ಕಾಣೂದಿಲ್ಲ, ಕಡು ಹಸಿರು ಮಾಡಿ.

ಎಸ್‌ಡಿಎಂಸಿ_ಮೆಂಬರ್
ಹಾಲು, ಜಿಮ್ಮು ಎಲ್ಲಾ ಕಟ್ಟಿದ ಮೇಲೆ ಚುನಾವಣೆ ಬರುತ್ತೆ, ಮತಯಂತ್ರ ಇಡೋ ಸ್ಟ್ರಾಂಗ್ ರೂಮ್ ಅಂತ ಸೀಲ್ ಬೀಳುತ್ತೆ. 2024ರಲ್ಲಿ ರಾಜ್ಯದ ಮೊದಲ ಹಂತದ ಮತದಾನ ಏಪ್ರಿಲ್ 26, ಎಣಿಕೆ ಜೂನ್ 4. ಒಂದು ತಿಂಗಳಿಗೂ ಹೆಚ್ಚು ಬಾಗಿಲು ಬಂದ್. ಆಮೇಲೆ ಪರೀಕ್ಷೆ, ಆಮೇಲೆ ಮೌಲ್ಯಮಾಪನ.

ಕಬ್ಬಿಣದ_ಕಂಬಿ
ಎಣಿಕೆ ಕೇಂದ್ರ ಆಗಬಹುದಾದ ಕಾಲೇಜಾದ್ರೆ ಸ್ಟ್ಯಾಂಡ್, ಬೆಂಚುಗಳನ್ನ ನೆಲಕ್ಕೆ ಬೋಲ್ಟ್ ಮಾಡಬೇಡಿ. ತರಾತುರಿಯಲ್ಲಿ ಖಾಲಿ ಮಾಡಿಸೋರು ಬೋಲ್ಟ್ ಬಿಚ್ಚಲ್ಲ, ಕಿತ್ತೇ ತೆಗೀತಾರೆ.

ತಾಲ್ಲೂಕು_ಕಾಲೇಜು
ಎಲ್ಲರಿಗೂ ಧನ್ಯವಾದ. ನೆಲಮಹಡಿ ಕೊಠಡಿ ಕೇಳಿದ್ದೀವಿ. ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ಖಾಲಿ ಇದೆ, ಸದ್ಯಕ್ಕೆ ಅರ್ಥಶಾಸ್ತ್ರದ ಉಪನ್ಯಾಸಕರಿಗೆ ಹೆಚ್ಚುವರಿ ಹೊಣೆ. ಬೀಗದ ಕೈ ಯಾರ ಹತ್ರ ಇರಬೇಕು?

ಮೈದಾನದಕ್ಕ
ಇದೇ ಮೊದಲ ಪ್ರಶ್ನೆ ಆಗಬೇಕಿತ್ತು. ಕೈ ಎರಡು ಮಾಡಿಸಿ, ಒಂದು ಕಚೇರಿಯಲ್ಲಿ, ಒಂದು ಹೊಣೆ ಹೊತ್ತ ಉಪನ್ಯಾಸಕರ ಹತ್ರ. ವಿದ್ಯಾರ್ಥಿಗಳಲ್ಲಿ ನಾಲ್ಕು ಜನರನ್ನ, ಇಬ್ಬರು ಹುಡುಗಿಯರು ಇಬ್ಬರು ಹುಡುಗರು, ಮೇಲ್ವಿಚಾರಕರು ಅಂತ ಪ್ರಾಂಶುಪಾಲರ ಆದೇಶದಲ್ಲೇ ಹೆಸರಿಸಿ. ಬಾಗಿಲ ಹತ್ರ ಒಂದು ಪುಸ್ತಕ: ಹೆಸರು, ಒಳಗೆ ಬಂದ ಸಮಯ, ಹೋದ ಸಮಯ, ಕೆಟ್ಟ ಸಾಮಾನು. ಒಬ್ಬರೇ ಇದ್ದಾಗ ಬಾರು ಎತ್ತೋ ಹಾಗಿಲ್ಲ, ಕನಿಷ್ಠ ಇಬ್ಬರು. ಶನಿವಾರ ಬೋಲ್ಟ್ ಬಿಗಿ ನೋಡೋದು, ಒರೆಸೋದು ಆ ನಾಲ್ವರ ಕೆಲಸ. ನ್ಯಾಕ್‌ನವರು ಸೌಲಭ್ಯ ಬಳಕೆ ಕೇಳಿದಾಗ ಈ ಪುಸ್ತಕವೇ ದಾಖಲೆ.

ಐದು ಲಕ್ಷದಲ್ಲಿ ಒಂದಿಷ್ಟು ರಿಪೇರಿಗೆ ಅಂತ ತೆಗೆದಿಡಿ, ಪೂರ್ತಿ ಖರ್ಚು ಮಾಡಬೇಡಿ.

ತಾಲ್ಲೂಕು_ಕಾಲೇಜು
ಸರಿ ಮೇಡಂ. ಕನ್ನಡಿ ಪೂರ್ತಿ ಬಿಟ್ಟುಬಿಡೋದಾ? ಸಮಿತಿ ಅಧ್ಯಕ್ಷರು ಅದೊಂದಕ್ಕೆ ಪಟ್ಟು ಹಿಡಿದಿದ್ದಾರೆ.

ಗಟ್ಟಿ_ನೆಲ
ಒಂದು ಹಾಕ್ಸಿ, 6×4 ಅಡಿ. ನೆಲದಿಂದ ಒಂದೂವರೆ ಅಡಿ ಮೇಲೆ ಇರಲಿ, ಉರುಳಿದ ತಟ್ಟೆ ತಾಗಬಾರದು. ಹಿಂಬದಿಗೆ ಸೇಫ್ಟಿ ಫಿಲ್ಮ್ ಇರೋದು ಕೇಳಿ, ಒಡೆದ್ರೂ ಚೂರು ಉದುರಲ್ಲ. ಡಂಬೆಲ್ ರ‍್ಯಾಕಿನ ಹಿಂದೆ ಮಾತ್ರ ಬೇಡ.

ನಡಿಗೆ_ರಾಯರು
ಇಷ್ಟೆಲ್ಲಾ ಆದ ಮೇಲೆ ಬೆಳಿಗ್ಗೆ ಊರಿನವರಿಗೆ ಮೈದಾನದಲ್ಲಿ ವಾಕಿಂಗಿಗೆ ಬಿಡ್ತೀರೋ ಇಲ್ಲವೋ?

ಸುಣ್ಣದಗೆರೆ
ಟ್ರ್ಯಾಕಿನ ಒಂದನೇ ಲೇನ್ ಬಿಟ್ಟು ಹೊರಗಿನ ಲೇನಿನಲ್ಲಿ ನಡೀರಿ ರಾಯರೇ. ಎಲ್ಲರೂ ಒಳಗಿನ ಗೆರೆ ಮೇಲೇ ನಡೆದು ಅಲ್ಲೇ ಗುಂಡಿ ಬೀಳೋದು. ನಾಲ್ಕನೇ ಲೇನಿನ ಒಂದು ಸುತ್ತು 223 ಮೀಟರ್, ಲೆಕ್ಕ ಇಟ್ಕೊಳ್ಳಿ.

ಖೋ_ಕೊಡು
ಥ್ರೋಬಾಲ್ ನೆಟ್ ಎತ್ತರ ಯಾರಿಗಾದ್ರೂ ನೆನಪಿದೆಯಾ? ನಾಳೆ ಕಂಬ ನಿಲ್ಲಿಸ್ಬೇಕು.

ಮೈದಾನದಕ್ಕ
2.2 ಮೀಟರ್. ಕಂಬ ಎರಡೂವರೆ ಮೀಟರಿಗೆ ನಿಲ್ಸಿ, ವಾಲಿಬಾಲಿಗೂ ಆಗುತ್ತೆ. ಹುಡುಗಿಯರದ್ದು 2.24, ಹುಡುಗರದ್ದು 2.43, ಮೂರಕ್ಕೂ ಕೊಕ್ಕೆ ಬೆಸುಗೆ ಹಾಕಿಸ್ಬಿಡಿ.